ಬಣ್ಣ ಒಣಗಲು ಒಂದು ಕಾಫಿ

ಊರಿನ ಅರ್ಧಕ್ಕರ್ಧ ಅಂಗಡಿಗಳ ಹೆಸರು ಬರೆದದ್ದು ಬೋರ್ಡಕ್ಕ. ಔಷಧಿ ಅಂಗಡಿ, ಸೈಕಲ್ ರಿಪೇರಿ ಅಂಗಡಿ, ಬೇಕರಿ, ಎಲ್ಲದರ ನೆತ್ತಿಯ ಮೇಲೂ ಅವಳದೇ ದುಂಡು ಅಕ್ಷರ. ಹಲ್ಲಿನ ಡಾಕ್ಟರ ಬೋರ್ಡಿನ 'ಹ' ಇದೆಯಲ್ಲ, ಅದನ್ನು ಒಮ್ಮೆ ನಿಂತು ನೋಡಬೇಕು ನೀವು. ಈಗಷ್ಟೇ ಹಲ್ಲುಜ್ಜಿಕೊಂಡು ಬಂದು ನಗುತ್ತಿರುವ ಹಾಗಿದೆ! ಅಪ್ಪನ ಕೈಯಿಂದ ಕಲಿತ ಕೆಲಸ ಅವಳದು. ಮನೆಯವರು ಇಟ್ಟ ಹೆಸರು ಬೇರೆ ಏನೋ ಇರಬೇಕು, ಆದರೆ ಆ ಹೆಸರಲ್ಲಿ ಕರೆದರೆ ಅವಳೇ ತಿರುಗಿ ನೋಡುತ್ತಾಳೋ ಇಲ್ಲವೋ.

ಕೆಲಸದ ಹೊತ್ತಲ್ಲಿ ಅವಳ ಕೈಗೆ ಗಡಿಯಾರ ಇರಲಿಲ್ಲ. ಕೆಲಸ ಮುಗಿಯಲು ಎಷ್ಟು ಹೊತ್ತು ಬೇಕು ಅಂತ ಕೇಳಿದರೆ "ನಾಲ್ಕು ಕಾಫಿ" ಅನ್ನುತ್ತಿದ್ದಳು. ತಮಾಷೆಗಲ್ಲ. ಗೋಡೆಗೆ ಮೊದಲ ಕೋಟು ಬಣ್ಣ ಎಳೆದ ಮೇಲೆ ಅದು ಒಣಗಲು ಅರ್ಧ ಗಂಟೆ ಬೇಕು. ಏಣಿ ಇಳಿದು, ಕೈ ತೊಳೆದು, ಎದುರಿನ ಅಂಗಡಿಗೆ ಹೋಗಿ, ಬಿಸಿ ಕಾಫಿ ಊದಿ ಊದಿ ಕುಡಿದು, ಅಂಗಡಿಯವನ ಹತ್ತಿರ ನಾಲ್ಕು ಮಾತಾಡಿ ವಾಪಸ್ ಬಂದರೆ ಸರಿಯಾಗಿ ಅರ್ಧ ಗಂಟೆ. ಎರಡನೇ ಕೋಟಿಗೆ ಗೋಡೆ ಸಿದ್ಧ. ಮೂವತ್ತು ವರ್ಷ ಹೀಗೇ ನಡೆದಿತ್ತು.

ಈ ಬೇಸಿಗೆಯ ಶುರುವಿಗೆ ಅವಳ ಕೈ ನಡುಗತೊಡಗಿತು. ಜೊತೆಗೆ ಎದೆ ಢವಢವ. ಉದ್ದನೆಯ ಗೆರೆ ಎಳೆಯುವಾಗ ಕುಂಚದ ತುದಿ ಚೂರು ಅದುರುವುದು. ಬೇರೆಯವರಿಗೆ ಕಾಣುತ್ತಿರಲಿಲ್ಲ, ಅವಳಿಗೆ ಕಾಣುತ್ತಿತ್ತು. ಗಂಡ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದ.

"ದಿನಕ್ಕೆ ಎಷ್ಟು ಕಾಫಿ ಕುಡೀತೀರಮ್ಮಾ?" ಡಾಕ್ಟರು ಕೇಳಿದರು.

"ಮೂರೋ ನಾಲ್ಕೋ."

ಪಕ್ಕದಲ್ಲಿದ್ದ ಗಂಡ ಕೆಮ್ಮಿದ. "ಅದು ತಿಂಡಿಗೆ ಮುಂಚಿನ ಲೆಕ್ಕ ಡಾಕ್ಟ್ರೇ."

"ಟೀ?"

"ಕಾಫಿ ಸಿಗದೆ ಇದ್ರೆ ಮಾತ್ರ," ಅಂದಳು ಅವಳು.

"ಸಿಕ್ಕಿದ್ರೂ ಕುಡೀತಾಳೆ," ಅಂದ ಗಂಡ.

"ರೀ, ನಿಮ್ಮನ್ನ ತೋರಿಸೋಕೆ ಬಂದಿದ್ದೀವಾ, ನನ್ನನ್ನಾ? ಸುಮ್ನೆ ಕೂತ್ಕೊಳ್ಳಿ."

ಡಾಕ್ಟರು ನಕ್ಕು, ಎದೆಯ ಪರೀಕ್ಷೆ ಎಲ್ಲ ಮಾಡಿಸಿ, ಹೆದರುವಂಥದ್ದು ಏನೂ ಇಲ್ಲ, ಕಾಫಿ ಟೀ ಬಿಟ್ಟು ನೋಡೋಣ ಅಂದರು. "ಒಂದೇ ಸಲ ಬಿಡಬೇಡಿ. ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ. ಇಲ್ದಿದ್ರೆ ತಲೆ ಸಿಡಿಯುತ್ತೆ."

"ಒಂದೊಂದೇ ಬಿಡೋದು ನನ್ನ ಕೈಲಾಗಲ್ಲ ಡಾಕ್ಟ್ರೇ. ಮನೇಲಿ ಡಬ್ಬಿ ಇದ್ರೆ ಕುಡಿದೇ ಕುಡೀತೀನಿ. ಬಿಟ್ರೆ ಪೂರ್ತಿ."

ಹಟ ಅಂದರೆ ಬೋರ್ಡಕ್ಕನ ಹಟ. ಅದಕ್ಕೊಂದು ಕಾರಣವೂ ಇತ್ತು. ಲೈಬ್ರರಿಯ ಹೊರಗೋಡೆಗೆ ಹೆಸರು ಬರೆಯುವ ಕೆಲಸ ಆ ವಾರವೇ ಶುರುವಾಗಬೇಕಿತ್ತು. ಸಮಿತಿಯವರಿಗೆ ಅಲ್ಲಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಹಾಳೆ ಅಂಟಿಸುವ ಆಸೆ. ಊರಲ್ಲಿ ಹೊಸ ಅಂಗಡಿಗಳೆಲ್ಲ ಈಗ ಆ ಹಾಳೆಯನ್ನೇ ಹಾಕಿಸುತ್ತಿದ್ದವು. ಲೈಬ್ರರಿ ಮೇಡಂ ಒಬ್ಬರೇ ಜಗಳವಾಡಿ, "ಕೈಬರಹವೇ ಬೇಕು, ಬೋರ್ಡಕ್ಕನೇ ಬರೀಬೇಕು" ಅಂತ ಒಪ್ಪಿಸಿದ್ದರು. ಸೋಮವಾರ ಸಮಿತಿಯವರು ಬಂದು ನೋಡುತ್ತಾರೆ. ಹಿಡಿಸದಿದ್ದರೆ ಹಾಳೆ. ಅಪ್ಪ ಬರೆದ ಹಳೆಯ ಹೆಸರು ಅದೇ ಗೋಡೆಯಲ್ಲಿತ್ತು, ಸುಣ್ಣ ಹೊಡೆಯುವಾಗ ಮುಚ್ಚಿಹೋಗಿತ್ತು. ಆ ಗೋಡೆಯನ್ನು ನಡುಗುವ ಕೈಯಲ್ಲಿ ಮುಟ್ಟಲು ಅವಳಿಗೆ ಮನಸ್ಸಿರಲಿಲ್ಲ.

ಮಂಗಳವಾರ ರಾತ್ರಿ ಕಾಫಿಪುಡಿಯ ಡಬ್ಬಿಯನ್ನೂ ಟೀಪುಡಿಯನ್ನೂ ಪಕ್ಕದ ಮನೆಗೆ ಕೊಟ್ಟುಬಂದಳು.

ಗಂಡ ಸಿಟಿ ಬಸ್ಸಿನ ಡ್ರೈವರು. ಐದೂವರೆಗೆ ಡಿಪೋದಲ್ಲಿರಬೇಕು. ಐದು ಗಂಟೆಗೆ ಅಡುಗೆಮನೆಯ ಕಟ್ಟೆಗೆ ಒರಗಿ ಇಬ್ಬರೂ ಕುಡಿಯುವ ಕಾಫಿಯೇ ಅವರಿಬ್ಬರ ಮಾತುಕತೆಯ ಹೊತ್ತು. ಮಗಳ ಮದುವೆ ಮಾತಾಡಿದ್ದೂ ಅಲ್ಲೇ, ಮುನಿಸಿಕೊಂಡಿದ್ದೂ ಅಲ್ಲೇ, ರಾಜಿಯಾಗಿದ್ದೂ ಅಲ್ಲೇ. ಬುಧವಾರ ಅವಳು ಎರಡು ಲೋಟ ಬಿಸಿನೀರು ಇಟ್ಟಳು. ಅವನು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದ.

"ನಿಮಗ್ಯಾರು ಬಿಡು ಅಂದ್ರು? ಹೊರಗೆ ಕುಡೀರಿ," ಅಂದಳು.

"ನೀನು ಬಿಟ್ಟು ನಾನು ಕುಡಿಯೋದಾ? ನಾನೂ ಬಿಟ್ಟೆ, ಹೋಗು!"

ಇಬ್ಬರೂ ಮತ್ತೊಂದು ಗುಟುಕು ಕುಡಿದರು. ಕೊನೆಗೆ ಅವನೇ ಅಂದ, "ಅಲ್ವೇ, ಬಿಸಿನೀರು ಕುಡೀತಾ ಏನೇ ಮಾತಾಡೋದು?" ಐದು ಹತ್ತಕ್ಕೇ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಗುರುವಾರ ಏಣಿ ಹತ್ತುವ ಹೊತ್ತಿಗೆ ತಲೆನೋವು ಶುರುವಾಗಿತ್ತು. ಕಣ್ಣಿನ ಹಿಂದೆ ಯಾರೋ ಕೂತು ಮೊಳೆ ಹೊಡೆಯುತ್ತಿದ್ದ ಹಾಗೆ. ಆಕಳಿಕೆ ಒಂದರ ಹಿಂದೆ ಒಂದು. ಅಷ್ಟಾದರೂ ಪರವಾಗಿಲ್ಲ, ಆದರೆ ವಾಸನೆ! ಲೈಬ್ರರಿಗೆ ಸರಿಯಾಗಿ ಎದುರಿಗೇ ಕಾಫಿ ಅಂಗಡಿ. ಪುಡಿಗೆ ಬಿಸಿನೀರು ಬಿದ್ದ ಕೂಡಲೇ ಆ ಸುಟ್ಟ, ಸಿಹಿ, ಕಂದು ವಾಸನೆ ರಸ್ತೆ ದಾಟಿ ಏಣಿ ಹತ್ತಿ ಬಂದು ಅವಳ ಮೂಗಿನ ಕೆಳಗೇ ಕೂರುತ್ತಿತ್ತು. ಬಣ್ಣದ ಡಬ್ಬಿಯಲ್ಲಿ ಕಂದು ಕಲೆಸುವಾಗ ಬಾಯಲ್ಲಿ ನೀರೂರಿತು ಅಂದರೆ ನಂಬುತ್ತೀರಾ? ಕೈ ಮಾತ್ರ ನಡುಗುತ್ತಿರಲಿಲ್ಲ. ಅದೊಂದೇ ಸಮಾಧಾನ. ಗೋಡೆಯ ಮೇಲೆ ಬಣ್ಣದ ಪುಡಿ ಬಳಿದ ದಾರ ಚಿಮ್ಮಿಸಿ ನೇರ ಗೆರೆ ಹಾಕಿದಳು. ದೊಡ್ಡದಾಗಿ 'ಸಾರ್ವಜನಿಕ ಗ್ರಂಥಾಲಯ'. ಅದರ ಕೆಳಗೆ ಸಣ್ಣದಾಗಿ 'ಒಳಗೆ ಬನ್ನಿ, ಕೂತು ಓದಿ'.

"ಅಕ್ಕಾ! ಕಾಫಿ ಹಾಕ್ಲಾ?" ಅಂಗಡಿಯವನು ಆ ಕಡೆಯಿಂದ ಕೂಗಿದ.

"ಬೇಡಪ್ಪಾ!"

"ಟೀ?"

"ನಿನ್ನ ಬಾಯಿಗೆ ಬೀಗ ಹಾಕ್ಕೋ!"

ಅಂಗಡಿಯವನು ಪಾಪ, ಬೆಪ್ಪಾಗಿ ನಿಂತ. ಅವಳು ಅವನಿಗೆ ಬೆನ್ನು ಹಾಕಿದಳು. ಆ ಕಡೆ ತಿರುಗಿದರೆ ಕಾಲು ತಾನಾಗಿ ಇಳಿದುಬಿಡುತ್ತದೆ ಅಂತ ಗೊತ್ತಿತ್ತು. ಮೊದಲ ಕೋಟು ಒಣಗುವವರೆಗೆ ಏಣಿಯ ಮೇಲೇ ಕೂತಳು, ಮೂಗು ಗೋಡೆಗೆ ತಗಲುವ ಹಾಗೆ. ಹೊತ್ತು ಹೋಗುವುದೇ ಇಲ್ಲ. ಅರ್ಧ ಗಂಟೆ ಆಗಿರಬೇಕು ಅಂತ ಎರಡನೇ ಕೋಟು ಹಾಕಿದರೆ ಹತ್ತೇ ನಿಮಿಷ ಆಗಿತ್ತೋ ಏನೋ, ಹಸಿ ಬಣ್ಣ ಕುಂಚದ ಜೊತೆಗೇ ಕಿತ್ತುಬಂತು. 'ಸಾ' ಪೂರ್ತಿ ಹಾಳು. ಒರೆಸಿ ಮತ್ತೆ ಬರೆದಳು. ತಲೆ ಒಡೆದುಹೋಗುತ್ತಿತ್ತು.

ಶುಕ್ರವಾರ ಇನ್ನೂ ಕೆಟ್ಟದು. ಬೆಳಗಿನ ಜಾವ ಕನಸಿನಲ್ಲಿ ಲೋಟ ಎತ್ತಿದ್ದಳು, ತುಟಿಗೆ ತಾಗುವ ಮೊದಲೇ ಎಚ್ಚರ. ಕನಸಲ್ಲಾದರೂ ಕುಡಿಯಲು ಬಿಡಬಾರದಾ ಅಂತ ದಿಂಬಿಗೆ ಗುದ್ದಿದಳು. ಅವಳಿಗೆ ಬೇಕಾಗಿದ್ದದ್ದು ಕಾಫಿಯೊಂದೇ ಅಲ್ಲ, ಅದು ಅವಳಿಗೂ ಗೊತ್ತಿತ್ತು. ಲೋಟದ ಬಿಸಿ ಅಂಗೈಗೆ ತಾಗುವುದು ಬೇಕಿತ್ತು. ಕಟ್ಟೆಗೆ ಒರಗಿ ಗಂಡ ಯಾವ ಸ್ಟಾಪಿನಲ್ಲಿ ಯಾರು ಜಗಳ ತೆಗೆದರು ಅಂತ ಹೇಳುವುದು ಬೇಕಿತ್ತು. ಅವನು ಈಗ ನೀರನ್ನು ಔಷಧಿಯ ಹಾಗೆ ಒಂದೇ ಸಲ ಸುರಿದುಕೊಂಡು ಓಡುತ್ತಿದ್ದ.

ಶನಿವಾರ ಸಂಜೆ ನಾಲ್ಕಕ್ಕೆ ಬರವಣಿಗೆ ಮುಗಿಯಿತು. ತಲೆನೋವೂ ಸ್ವಲ್ಪ ಇಳಿದಿತ್ತು. ಲೈಬ್ರರಿ ಮೇಡಂ ಗೇಟಿನಿಂದ ಹೊರಗೆ ಹೋಗಿ ರಸ್ತೆ ದಾಟಿದವರು ತಿರುಗಿ ನೋಡಿ, ವಾಪಸ್ ಬಂದು, ಮುಖ ಒಂಥರಾ ಮಾಡಿದರು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಯಾಕೋ ಬಲಗಡೆಗೆ ಜಾರಿದ ಹಾಗೆ ಕಾಣ್ತಿದೆಯಲ್ಲಾ?"

"ಜಾರೋದಾ?" ಬೋರ್ಡಕ್ಕನ ಸಿಟ್ಟು ಮೂಗಿನ ತುದಿಗೇ ಬಂತು. "ದಾರ ಹಿಡಿದು ಗೆರೆ ಹಾಕಿದ್ದೀನಿ ಮೇಡಂ. ಕೂದಲೆಳೆಯಷ್ಟೂ ಆ ಕಡೆ ಈ ಕಡೆ ಇಲ್ಲ."

"ಇರಬಹುದು. ಆದ್ರೆ ಸೋಮವಾರ ಬರೋರು ದಾರ ಹಿಡ್ಕೊಂಡು ಬರಲ್ಲ, ಅಕ್ಕಾ."

ಈ ಮಾತು ಅವಳಿಗೆ ನಾಟಿತು. ಅಪ್ಪ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಿದ್ದ, ದಾರಕ್ಕೆ ನೇರ ಇದ್ದರೆ ಸಾಲದು, ಕಣ್ಣಿಗೂ ನೇರ ಇರಬೇಕು ಮಗಾ, ಅಂತ. ಏಣಿ ಇಳಿದು ಗೋಡೆಯ ಬುಡದಲ್ಲಿ ನಿಂತು ನೋಡಿದಳು. ಏನೂ ತಿಳಿಯಲಿಲ್ಲ. ಪೂರ್ತಿ ಗೋಡೆ ಕಣ್ಣಿಗೆ ಬೀಳುವ ಜಾಗ ಆ ಇಕ್ಕಟ್ಟು ರಸ್ತೆಯಲ್ಲಿ ಒಂದೇ. ಕಾಫಿ ಅಂಗಡಿಯ ಬೆಂಚು.

ಮೂರು ದಿನದಿಂದ ಬೆನ್ನು ಹಾಕಿದ್ದ ಕಡೆಗೆ ಅವಳು ನಡೆದಳು. ಬೆಂಚಿನಲ್ಲಿ ಕೂತು ತಲೆ ಎತ್ತಿದಳು.

ಹೌದು, ಜಾರಿತ್ತು. ಗೋಡೆಯ ಮೇಲಿನ ಸಜ್ಜಾ, ಆ ಮಳೆನೀರು ತಡೆಯುವ ಚಾಚು, ಬಲಗಡೆಗೆ ಮೇಲೇರಿತ್ತು. ಹಳೆಯ ಕಟ್ಟಡ ಅಲ್ಲವೇ. ಅದರ ಕೆಳಗೆ ದಾರದಷ್ಟು ನೇರವಾಗಿ ಬರೆದ ಅಕ್ಷರಗಳು ಒಂದೊಂದಾಗಿ ಕೆಳಗೆ ಇಳಿದುಹೋಗುತ್ತಿರುವ ಹಾಗೆ ಕಾಣುತ್ತಿದ್ದವು. ಇಷ್ಟು ವರ್ಷ ಇಂಥದ್ದೆಲ್ಲ ಅವಳಿಗೆ ಕಂಡಿದ್ದು ಎಲ್ಲಿಂದ? ಇಂಥ ಬೆಂಚುಗಳಿಂದಲೇ! ಕಾಫಿ ಊದಿಕೊಳ್ಳುತ್ತ, ಸುಮ್ಮನೆ ಎದುರಿಗೆ ನೋಡುತ್ತ ಕೂತಾಗ. ಲೋಟ ಬಿಡುವ ಭರದಲ್ಲಿ ಆ ನೋಟವನ್ನೂ ಬಿಟ್ಟುಬಿಟ್ಟಿದ್ದಳು.

ಅಭ್ಯಾಸಬಲದಿಂದ ಅಂಗಡಿಯವನು ಕಾಫಿ ತಂದು ಅವಳ ಕೈಗಿಟ್ಟ. ಅಭ್ಯಾಸಬಲದಿಂದ ಅವಳೂ ಹಿಡಿದಳು. ಅಂಗೈಗೆ ಬಿಸಿ ತಾಗಿತು. ಆವಿ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿದಳು.

"ನನಗೆ ಗುರುವಾರ ಸಂಜೇನೇ ಕಾಣ್ತಿತ್ತು ಅಕ್ಕಾ," ಅಂಗಡಿಯವನು ಮೆಲ್ಲಗೆ ಅಂದ. "ಹೇಳೋಣ ಅಂದ್ರೆ ನೀವು ಬಾಯಿಗೆ ಬೀಗ ಹಾಕ್ಕೋ ಅಂದಿದ್ರಿ."

"ಅಯ್ಯೋ ಪುಣ್ಯಾತ್ಮಾ!"

ಅಷ್ಟರಲ್ಲಿ ಹಿಂದಿನಿಂದ ಪರಿಚಯದ ದನಿ. "ಒಂದು ಸ್ಟ್ರಾಂಗು. ದಿನಾ ಕೊಡೋ ಥರಾನೇ."

ಬೋರ್ಡಕ್ಕ ತಿರುಗಿದಳು. ಖಾಕಿ ಅಂಗಿಯಲ್ಲಿ ಅವಳ ಗಂಡ, ಡ್ಯೂಟಿ ಮುಗಿಸಿಕೊಂಡು ಬಂದವನು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟ.

"ದಿನಾ ಕೊಡೋ ಥರಾನಾ?" ಅಂದಳು.

ಅವನ ಕಣ್ಣು ಅವಳ ಕೈಯ ಲೋಟದ ಮೇಲೆ ಬಿತ್ತು. "ಮತ್ತೆ ಅದೇನು ನಿನ್ನ ಕೈಲಿ? ಬಣ್ಣಾನಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಗು ಬಂದದ್ದು ಅವಳಿಗೆ. ನಕ್ಕೂ ನಕ್ಕೂ ಕಾಫಿ ತುಳುಕಿತು. ಕೊನೆಗೆ ಲೋಟವನ್ನು ಅವನ ಕೈಗಿಟ್ಟಳು. "ತಗೊಳ್ಳಿ. ಮುಟ್ಟಿಲ್ಲ ನಾನು. ಇಲ್ಲೇ ಕೂತು ಕುಡೀರಿ."

"ನಿನ್ನ ಮುಂದೆ ಕುಡೀಲಾ?"

"ಹೂಂ. ನಿಧಾನಕ್ಕೆ ಕುಡೀರಿ. ನನಗೆ ಗೋಡೆ ನೋಡೋದಿದೆ."

ಅವನು ಊದಿ ಊದಿ ಕುಡಿದ. ಅವಳು ನೋಡಿದಳು. ಲೋಟ ಖಾಲಿಯಾಗುವ ಹೊತ್ತಿಗೆ ಯಾವ ಅಕ್ಷರವನ್ನು ಎಷ್ಟು ಎತ್ತಬೇಕು ಅನ್ನುವುದು ಅವಳ ತಲೆಯಲ್ಲಿ ಕೂತಿತ್ತು.

ಭಾನುವಾರ ಅವನಿಗೆ ರಜೆ. ಬೆಳಿಗ್ಗೆ ಏಳಕ್ಕೇ ಗೋಡೆಯ ಬಣ್ಣ ಬಳಿದು ಮೂರು ದಿನದ ಕೆಲಸವನ್ನೆಲ್ಲ ಮುಚ್ಚಿದಳು. ಹೊಸ ಗೆರೆಯನ್ನು ದಾರ ಬಿಟ್ಟು, ಕಣ್ಣಳತೆಯಲ್ಲೇ ಸಜ್ಜಾದ ಜೊತೆಗೆ ಸ್ವಲ್ಪ ಸ್ವಲ್ಪ ಎತ್ತುತ್ತ ಹೋದಳು. ಗಂಡ ಎದುರಿನ ಬೆಂಚಿನಲ್ಲಿ ಕೂತಿದ್ದ, ಅವಳ ಗಡಿಯಾರ ಅವನೇ. ಒಂದು ಕೋಟು ಆದ ಕೂಡಲೇ ಏಣಿಯಿಂದ "ರೀ, ಶುರು ಮಾಡಿ!" ಅಂತ ಕೂಗುವಳು. ಆಮೇಲೆ ಇಳಿದು ಬಂದು ಅವನ ಪಕ್ಕ ಬಿಸಿನೀರಿನ ಲೋಟ ಹಿಡಿದು ಕೂರುವಳು, ಗೋಡೆ ನೋಡುವಳು. ಮಧ್ಯಾಹ್ನದ ಹೊತ್ತಿಗೆ ಅವನು ಗಡಿಬಿಡಿಯಲ್ಲಿ ಗಟಗಟ ಕುಡಿದು ಲೋಟ ಕೆಳಗಿಟ್ಟಾಗ ಸರಿಯಾಗಿ ಬೈಸಿಕೊಂಡ.

"ಏನ್ರೀ ಅದು? ಬಣ್ಣ ಇನ್ನೂ ಹಸಿ ಇದೆ!"

"ಇದು ಐದನೇದು ಕಣೇ. ನನ್ನ ಎದೆ ಢವಢವ ಅಂತಿದೆ. ನಾಳೆ ನನ್ನನ್ನ ತೋರಿಸೋಕೆ ಕರ್ಕೊಂಡು ಹೋಗು."

ಅಂಗಡಿಯವನು ಬಿದ್ದು ಬಿದ್ದು ನಕ್ಕ. ಆಮೇಲಿನ ಲೋಟಗಳಲ್ಲಿ ಗಂಡನಿಗೂ ಬಿಸಿನೀರೇ.

ಸೋಮವಾರ ಸಮಿತಿಯ ನಾಲ್ಕು ಜನ ರಸ್ತೆಯ ಈ ಕಡೆ ನಿಂತು, ತಲೆ ಓರೆ ಮಾಡಿ, ನೆಟ್ಟಗೆ ಮಾಡಿ ನೋಡಿದರು. ಒಬ್ಬರು ಮಾತ್ರ "ಹಾಳೆ ಅಂತಿದ್ವಲ್ಲ..." ಅಂದರು. ಉಳಿದ ಮೂವರು ಆಗಲೇ 'ಒಳಗೆ ಬನ್ನಿ, ಕೂತು ಓದಿ' ಓದಿಕೊಂಡು ಒಳಗೆ ಹೋಗಿದ್ದರು. ಲೈಬ್ರರಿ ಮೇಡಂ ಬೋರ್ಡಕ್ಕನ ಭುಜ ಒಮ್ಮೆ ಹಿಡಿದು ಅವರ ಹಿಂದೆ ಹೋದರು.

ಮರುದಿನ ಬೆಳಿಗ್ಗೆ ಐದಕ್ಕೆ ಅವಳು ಪಕ್ಕದ ಮನೆಯಿಂದ ವಾಪಸ್ ತಂದ ಡಬ್ಬಿ ತೆರೆದು, ಒಂದೇ ಒಂದು ಲೋಟ ಕಾಫಿ ಮಾಡಿದಳು. ಮುಚ್ಚಳ ತೆಗೆದಾಗ ಡಬ್ಬಿಯೊಳಗೆ ಮೂಗಿಟ್ಟು ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು, ಅಷ್ಟೇ. ತನಗೆ ಬಿಸಿನೀರು. ಇಬ್ಬರೂ ಕಟ್ಟೆಗೆ ಒರಗಿದರು. ಅವನು ಲೋಟವನ್ನು ಅವಳಿಂದ ದೂರ, ಆಚೆ ಬದಿಗೆ ಹಿಡಿದುಕೊಂಡ.

"ಈ ಕಡೆ ಹಿಡೀರಿ," ಅಂದಳು. "ವಾಸನೆಯಾದ್ರೂ ಬರಲಿ."

ಅವನು ಕೈ ಬದಲಾಯಿಸಿದ. "ನಿನ್ನೆ ಆಸ್ಪತ್ರೆ ಸ್ಟಾಪಲ್ಲಿ ಒಬ್ಬ ಹತ್ತಿದ ನೋಡು..." ಅಂತ ಶುರು ಮಾಡಿದ. ಅವಳು ಆವಿಯ ಕಡೆಗೇ ಮುಖ ಮಾಡಿಕೊಂಡು ಕೇಳುತ್ತಿದ್ದಳು.

"ನಿಧಾನ ರೀ," ಅಂದಳು ನಡುವೆ. "ಇನ್ನೂ ಐದೂಕಾಲು."