ನಾನು ಹಿಡಿಯದ ಕೈ

ನಾನು ಚಿಕ್ಕವಳಿದ್ದಾಗ ಅಪ್ಪ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ಉಪದೇಶಿಯಾಗಿದ್ದರು. ಸಣ್ಣದೊಂದು ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆ ನಡೆಸುವುದು, ಕಾಯಿಲೆಯವರ ಮನೆಗೆ ಹೋಗಿಬರುವುದು ಅವರ ಕೆಲಸ. ನಮ್ಮ ಹೆಂಚಿನ ಪ್ರಾರ್ಥನಾ ಮಂದಿರ ಇದ್ದದ್ದು ರೇಷ್ಮೆ ನೂಲು ತೆಗೆಯುವ ಶೆಡ್ಡುಗಳ ಗಲ್ಲಿಯ ಕೊನೆಯಲ್ಲಿ. ಅಲ್ಲಿ ಬಿಸಿನೀರಲ್ಲಿ ಗೂಡು ಬೇಯಿಸಿ ಎಳೆ ಬಿಚ್ಚಿದ ಮೇಲೆ, ಒಳಗಿನ ಸತ್ತ ಹುಳಗಳನ್ನು ಹೊರಗೆ ರಾಶಿ ಹಾಕುತ್ತಿದ್ದರು. ಆ ನಾತ ಗಲ್ಲಿಯ ಗೋಡೆಗಳಿಗೂ ಹತ್ತಿಕೊಂಡಿತ್ತು.

ಆ ಶೆಡ್ಡುಗಳಲ್ಲಿ ಮಕ್ಕಳೂ ದುಡಿಯುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರಿಗೆ ಸ್ವಲ್ಪ ಬಿಡುವು. ಯಾವ ಜಾತಿ, ಯಾವ ಮತ ಎಂದು ಕೇಳದೆ ಅಪ್ಪ ಎಲ್ಲರನ್ನೂ ಕರೆಯುತ್ತಿದ್ದರು. ಅಕ್ಕ ಅಕ್ಷರ, ಹಾಡು ಹೇಳಿಕೊಡುತ್ತಿದ್ದಳು. ಆಮೇಲೆ ಮುತ್ತುಗದ ಎಲೆಯಲ್ಲಿ ಬಿಸಿಬಿಸಿ ಉಪ್ಪಿಟ್ಟು. ಬಡಿಸುವವಳು ನಾನು. ಎಂಟು ವರ್ಷದ ನನಗೆ ಸೌಟು ಹಿಡಿದರೆ ದೊಡ್ಡವಳಾದಂತೆ ಅನಿಸುತ್ತಿತ್ತು.

ಊಟಕ್ಕೆ ಮೊದಲು ದುಂಡಗೆ ನಿಂತು, ಕೈ ಕೈ ಹಿಡಿದು ಪ್ರಾರ್ಥನೆ ಮಾಡುವುದು ವಾಡಿಕೆ. ಒಂದು ಭಾನುವಾರ ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಮೊದಲ ಸಲ ನನ್ನ ಪಕ್ಕದಲ್ಲಿ ಬಂದು ನಿಂತಳು. ದಿನವಿಡೀ ನೀರಲ್ಲಿ ನೆನೆದು ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಅಲ್ಲಲ್ಲಿ ಚರ್ಮ ಬಿರಿದಿತ್ತು. ಹುಳದ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಅವಳು ಕೈ ಚಾಚಿದಳು. ನಾನು ನನ್ನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿಕೊಂಡು, ಲಂಗಕ್ಕೆ ಒರೆಸಿಕೊಂಡಳು.

“ಬೂದಿ ಹಾಕಿ ತಿಕ್ಕೊಂಡೇ ಬಂದೆ ಕಣೆ. ಏನ್ ಮಾಡಿದ್ರೂ ಹೋಗಲ್ಲ” ಎಂದಳು ಮೆಲ್ಲಗೆ.

ಬಡಿಸುವಾಗಲೂ ಅವಳ ಎಲೆಗೆ ಎತ್ತರದಿಂದಲೇ ಸೌಟು ಬಗ್ಗಿಸಿದೆ. ಅವಳು ಒಂದು ತುತ್ತೂ ತಿನ್ನದೆ ಎಲೆಯನ್ನು ಪಕ್ಕದ ಪುಟ್ಟ ಮಗುವಿನ ಮುಂದೆ ಸರಿಸಿ ಎದ್ದುಹೋದಳು.

ಎಲ್ಲವನ್ನೂ ನೋಡಿದ್ದ ಅಕ್ಕ ಅಪ್ಪನಿಗೆ ಹೇಳಿಬಿಟ್ಟಳು. ನಾನು ಬೈಗುಳಕ್ಕೆ ಕಾದು ನಿಂತೆ. ಅಪ್ಪ ಕೇಳಿದ್ದು ಒಂದೇ ಮಾತು: “ಆ ಮಗು ಹೆಸರೇನಮ್ಮ?”

ನನಗೆ ಗೊತ್ತಿರಲಿಲ್ಲ. ಮಳೆಗಾಲದಿಂದ ಅವಳಿಗೆ ಬಡಿಸುತ್ತಿದ್ದೆ, ಹೆಸರು ಮಾತ್ರ ಕೇಳಿರಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿಕೊಂಡು, “ಬಾ, ಕೇಳ್ಕೊಂಡ್ ಬರೋಣ” ಎಂದು ಹೊರಟರು.

ಮಕ್ಕಳ ಬಿಡುವು ಮುಗಿದಿತ್ತು. ಶೆಡ್ಡಿನೊಳಗೆ ಹಬೆ ಕವಿದು ಕಣ್ಣು ಉರಿಯುತ್ತಿತ್ತು. ಅಪ್ಪ ಬಾಗಿಲಲ್ಲಿ ಮಾಲೀಕನ ಜೊತೆ ಮಾತಿಗೆ ನಿಂತು ನನ್ನನ್ನು ಒಳಗೆ ಕಳಿಸಿದರು. ಅವಳು ಮರದ ಪೆಟ್ಟಿಗೆಯೊಂದರ ಮೇಲೆ ನಿಂತು, ಸುಡುವ ನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಿದ್ದಳು. ನಾನೂ ಒಂದು ಬೆರಳು ಅದ್ದಿದೆ. ಚುರ್ರೆಂದಿತು, ಎಳೆದುಕೊಂಡೆ.

“ಮೊದ್ಮೊದ್ಲು ಹಂಗೇ ಆಗೋದು. ಆಮೇಲೆ ಗೊತ್ತಾಗಲ್ಲ” ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ, ನಗುವೂ ಇರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು, ಉರಿಯುವ ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತೆ. ಅಷ್ಟರಲ್ಲಿ ಮಾಲೀಕ, “ಏನ್ ಸ್ವಾಮಿ, ಕೆಲ್ಸದ ಹೊತ್ನಲ್ಲಿ ಮಕ್ಕಳನ್ನ ಮಾತಿಗೆ ಎಳೀತೀರಲ್ಲ” ಎಂದು ಗದರಿದ. ಹೆಸರು ಕೇಳದೆಯೇ ಹೊರಬಂದೆ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅಕ್ಕ ವಿಚಾರಿಸಿಕೊಂಡು ಬಂದಳು. ಕೆಲಸ ಹುಡುಕಿಕೊಂಡು ಅವರ ಮನೆಯವರೆಲ್ಲ ಶಿಡ್ಲಘಟ್ಟದ ಕಡೆ ಹೊರಟುಹೋಗಿದ್ದರು. ಅವಳ ಹೆಸರನ್ನೂ ಅಕ್ಕನೇ ಕೇಳಿಕೊಂಡು ಬಂದಿದ್ದಳು. ಕರೆಯಲು ಅವಳೇ ಇರಲಿಲ್ಲ. ನಾನು ಅಂದು ಬಹಳ ಅತ್ತೆ.

“ತಪ್ಪು ನಂದೂ ಇದೆ ಕಣಮ್ಮ” ಎಂದರು ಅಪ್ಪ. “ನಿನ್ ಕೈಗೆ ಸೌಟು ಕೊಟ್ಟೆ. ಬೇರೇನೂ ಹೇಳ್ಕೊಡ್ಲಿಲ್ಲ.”

ಮೊಮ್ಮಕ್ಕಳೇ, ಈಗ ಆ ಗಲ್ಲಿಯಲ್ಲಿ ಯಂತ್ರಗಳು ಬಂದಿವೆ. ದೇವನಹಳ್ಳಿಯ ನಿಮ್ಮ ಶಾಲೆಯಲ್ಲಿ ಕ್ರಿಸ್‌ಮಸ್ ಬಂತೆಂದರೆ ಬಿಸ್ಕತ್ತು, ಹಳೆಯ ಬಟ್ಟೆಗಳನ್ನು ಡಬ್ಬ ತುಂಬಿ ಬಡ ಮಕ್ಕಳಿಗೆ ಕಳಿಸುತ್ತೀರಿ. ಒಳ್ಳೆಯದೇ. ಆದರೆ ಅಂಥ ಮಕ್ಕಳು ನಮ್ಮ ಮನೆಯ ಎದುರಿಗೇ ಇದ್ದಾರೆ, ಕಟ್ಟಡ ಕೆಲಸದವರ ತಗಡಿನ ಗುಡಿಸಲುಗಳಲ್ಲಿ. ಮೊನ್ನೆ ಅಲ್ಲಿನ ಹುಡುಗಿಯೊಬ್ಬಳು ನಗುತ್ತಾ ನಿಮ್ಮ ಶಾಲೆಯ ವ್ಯಾನಿನ ಕಿಟಕಿಯವರೆಗೂ ಓಡಿಬಂದಳು. ನೀವು ಗಾಜು ಏರಿಸಿಕೊಂಡಿರಿ. ನಾನು ಗೇಟಿನಲ್ಲೇ ನಿಂತು ನೋಡುತ್ತಿದ್ದೆ. ಬೈಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬೈಯಲಿ?