ಅಕ್ಕನ ಮೆದುಳಿನ ಎರಡು ಚಿತ್ರಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ದಿನವೂ ಹಾಗಲಕಾಯಿ ಗೊಜ್ಜು. ಯಾರಿಗೂ ಅದು ಇಷ್ಟವಿರಲಿಲ್ಲ. ಜಯನಗರದ ಕಾಂಪ್ಲೆಕ್ಸಿನಲ್ಲಿ ತರಕಾರಿ ಮಾರುವಾಕೆ ಅಮ್ಮನನ್ನು ಕಂಡೊಡನೆ, ಕೇಳುವ ಮೊದಲೇ ಹಾಗಲಕಾಯಿ ತೂಗಲು ಶುರುಮಾಡುತ್ತಿದ್ದಳು. "ಮನೇಲಿ ಎಲ್ರಿಗೂ ಶುಗರ್ರಾ ಮೇಡಂ?" ಎಂದು ಒಮ್ಮೆ ಕೇಳಿಯೂ ಬಿಟ್ಟಳು. ಅಮ್ಮ ಹೌದೆಂದು ತಲೆಯಾಡಿಸಿದಳು. ಸಕ್ಕರೆ ಕಾಯಿಲೆಯಾದರೆ ಬಾಯಿಬಿಟ್ಟು ಹೇಳಬಹುದಿತ್ತು.

ಕಾಯಿಲೆ ಇದ್ದದ್ದು ಅಕ್ಕನಿಗೆ. ನನಗಿಂತ ಆರು ವರ್ಷ ದೊಡ್ಡವಳು. ಬನಶಂಕರಿಯ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಗೋಡೆಯಾಚೆಯಿಂದ ಯಾರೋ ತನ್ನನ್ನು ಬೈಯುತ್ತಿದ್ದಾರೆಂದು ಊಟ, ಸ್ನಾನ, ಕೆಲಸ ಎಲ್ಲ ಬಿಟ್ಟಳು. ವಿಲ್ಸನ್ ಗಾರ್ಡನ್ ಆಚೆಯ ಆಸ್ಪತ್ರೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು ಮಾತ್ರೆ ಕೊಟ್ಟರು. ಮನೆಗೆ ಬಂದ ಮೇಲೆ ಎರಡು ದಿನ ಮಾತ್ರೆಯನ್ನು ಉಗಿದಳು. ಮೂರನೇ ದಿನ ಅಮ್ಮ ಅದನ್ನು ಕುಟ್ಟಿ ಪುಡಿಮಾಡಿ ಗೊಜ್ಜಿಗೆ ಬೆರೆಸಿದಳು. ಕಹಿಯೊಳಗೆ ಕಹಿ ಗೊತ್ತಾಗುವುದಿಲ್ಲ ಎಂಬ ಉಪಾಯ. ಅಕ್ಕನಿಗೊಬ್ಬಳಿಗೇ ಬಡಿಸಿದರೆ ಅನುಮಾನ ಬರುತ್ತದೆಂದು ಅಮ್ಮ, ನಾನು ಇಬ್ಬರೂ ಮಾತ್ರೆಯಿಲ್ಲದ ಗೊಜ್ಜನ್ನು ಮುಖ ಕಿವುಚದೆ ತಿನ್ನಬೇಕಿತ್ತು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ನಾವು ಮೂವರೇ.

ಗೋಡೆಯಾಚೆಯ ಬೈಗುಳ ತಗ್ಗಿತು. ಅಕ್ಕ ಸ್ನಾನ ಮಾಡಿದಳು, ತಲೆ ಬಾಚಿಕೊಂಡಳು, ಕರೆದರೆ ಬಂದಳು. ಆದರೆ ನಮ್ಮ ಅಕ್ಕ ಕರೆದರೆ ಬರುವವಳಾಗಿರಲಿಲ್ಲ! ಎದುರುಮನೆ ಆಂಟಿ ಹೂವಿನವನ ಹತ್ತಿರ ಚೌಕಾಸಿ ಮಾಡುವುದನ್ನು ಅಣಕಿಸಿ ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಿದ್ದವಳು, ನನ್ನ ದುಪಟ್ಟಾ ಕದ್ದು ಹಾಕಿಕೊಂಡು ಹೋಗಿ ನನ್ನ ಮೇಲೆಯೇ ಜಗಳಕ್ಕೆ ಬರುತ್ತಿದ್ದವಳು, ಈಗ ಏನು ಕೇಳಿದರೂ "ಹೂಂ" ಎನ್ನುತ್ತಿದ್ದಳು. ನನಗೆ ಆ ಜಗಳಗಂಟಿ ವಾಪಸ್ಸು ಬೇಕಿತ್ತು. ಅವಳು ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತಿತ್ತು.

ಆಸ್ಪತ್ರೆಯಲ್ಲಿ ಮಾತ್ರೆ ಶುರುಮಾಡುವ ಮೊದಲು ಅವಳ ಮೆದುಳಿನ ಸ್ಕ್ಯಾನ್ ಮಾಡಿದ್ದರು. ರಕ್ತ ಎಲ್ಲೆಲ್ಲಿ ಎಷ್ಟು ಹರಿಯುತ್ತಿದೆ ಎಂಬುದನ್ನು ಬಣ್ಣದಲ್ಲಿ ತೋರಿಸುವ ಚಿತ್ರ ಅದು. ಮನೆಗೆ ಬಂದ ನಾಲ್ಕು ತಿಂಗಳ ಬಳಿಕ ಇನ್ನೊಂದು ತೆಗೆದರು. ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟು ನನಗೆ ತೋರಿಸಿದರು. ಹೆಚ್ಚು ಹರಿಯುವಲ್ಲಿ ಕೆಂಪು, ಕಡಿಮೆಯಾದಂತೆ ಹಳದಿ, ಹಸಿರು. ಹಣೆಯ ಕಡೆಯ ಭಾಗ ಮೊದಲನೆಯದರಲ್ಲಿ ಕೆಂಪಗಿತ್ತು, ಎರಡನೆಯದರಲ್ಲಿ ಹಳದಿ.

"ಈ ಮಾತ್ರೆ ತಗೊಂಡ್ರೆ ಮುಂದುಗಡೆ ಸ್ವಲ್ಪ ಕಮ್ಮಿ ಆಗತ್ತೆ, ಒಳಗಡೆ, ಇಲ್ಲಿ, ಜಾಸ್ತಿ ಆಗತ್ತೆ. ಕೆಲವರಲ್ಲಿ ಹೀಗೆ ಕಾಣತ್ತೆ," ಎಂದರು. "ಇದ್ರಿಂದ ಕೆಟ್ಟದಾಗ್ತಿದೆ ಅಂತ ಹೇಳಕ್ಕಾಗಲ್ಲ. ಮಾತ್ರೆ ಕೆಲಸ ಮಾಡ್ತಿರೋದ್ರ ಗುರುತೂ ಇರಬಹುದು. ತುಂಬ ಮಂಕಾಗಿದಾರೆ ಅಂದ್ರೆ ಡೋಸ್ ನೋಡೋಣ. ನೀವಾಗಿ ಮಾತ್ರ ನಿಲ್ಲಿಸ್ಬೇಡಿ."

ನಾನು ಆಗ ಬಿಎಸ್ಸಿ ಎರಡನೇ ವರ್ಷದಲ್ಲಿದ್ದೆ. ಎಲ್ಲ ಗೊತ್ತು ಎನ್ನುವ ಕೊಬ್ಬು. ಡಾಕ್ಟರ ಅರ್ಧ ಮಾತಷ್ಟೇ ಕಿವಿಗೆ ಬಿತ್ತು ಎಂದರೆ ಸುಳ್ಳಾಗುತ್ತದೆ. ಪೂರ್ತಿ ಕೇಳಿಸಿಕೊಂಡೆ, ಮನೆಗೆ ಒಯ್ದದ್ದು ಅರ್ಧ.

"ಮಾತ್ರೆಯಿಂದ ಮೆದುಳಿಗೆ ರಕ್ತ ಹೋಗೋದು ಕಮ್ಮಿಯಾಗಿದೆ ಅಮ್ಮಾ. ಅದಕ್ಕೇ ಹೀಗೆ ಕೂತಿರ್ತಾಳೆ."

"ಡಾಕ್ಟ್ರು ನಿಲ್ಸಿ ಅಂದ್ರಾ?"

"ಅವ್ರು ಹಂಗೆಲ್ಲ ಬಾಯ್ಬಿಟ್ಟು ಹೇಳಲ್ಲ."

"ಏನೋಮ್ಮ, ನೀನು ಓದಿದೋಳು," ಎಂದಳು ಅಮ್ಮ. ಮರುದಿನ ಗೊಜ್ಜು ಮಾಡಲಿಲ್ಲ. ಭಾನುವಾರ ಹರಳೆಣ್ಣೆ ಬೆಚ್ಚಗೆ ಮಾಡಿ, ತಲೆಗೆ ರಕ್ತ ಏರಲಿ ಎಂದು ಅಕ್ಕನ ನೆತ್ತಿಗೆ ತಟ್ಟಿ ತಟ್ಟಿ ಹಚ್ಚಿದಳು. ಬಿಎಸ್ಸಿ ಓದುತ್ತಿದ್ದ ನಾನು ಬಿಸಿನೀರು ಹೊಯ್ದೆ.

ಮೂರನೇ ವಾರಕ್ಕೆ ಅಕ್ಕ ಎದುರುಮನೆ ಆಂಟಿಯನ್ನು ಅಣಕಿಸಿದಳು. ಅಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಕ್ಕನನ್ನು ಜಯನಗರದ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗಿ ದುಪಟ್ಟಾ ಕೊಡಿಸಿದೆ. ಬಣ್ಣದ ವಿಷಯಕ್ಕೆ ಅಂಗಡಿಯಲ್ಲೇ ನನ್ನ ಜೊತೆ ಜಗಳ ತೆಗೆದಳು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ. ಡಾಕ್ಟರಿಗಿಂತ ನಾನೇ ಜಾಣೆ ಎಂದು ಒಳಗೊಳಗೇ ಬೀಗಿದೆ.

ಐದನೇ ವಾರ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಮನೆಯಿಂದ ಹೊರಟವಳು ಸಾರಕ್ಕಿಯ ನಡುರಸ್ತೆಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತುಬಿಟ್ಟಳು. ಆಟೋ ಬಡಿದು ಮೊಣಕಾಲ ಕೆಳಗೆ ಮೂಳೆ ಎರಡು ಕಡೆ ಮುರಿಯಿತು. ಇವತ್ತಿಗೂ ಕುಂಟುತ್ತಾಳೆ.

ಮತ್ತೆ ಆಸ್ಪತ್ರೆ, ಮತ್ತೆ ಅದೇ ಮಾತ್ರೆ, ಮೊದಲಿಗಿಂತ ಹೆಚ್ಚಿನ ಡೋಸು. ಧ್ವನಿಗಳು ತಗ್ಗಿದ ಮೇಲೆ ಒಂದು ಮಧ್ಯಾಹ್ನ, ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದ ಅವಳ ಪಕ್ಕ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಗೊಜ್ಜಿನ ವಿಷಯ, ಚಿತ್ರದ ವಿಷಯ, ಅಮ್ಮನಿಗೆ ನಾನು ಹೇಳದೆ ಬಿಟ್ಟ ಅರ್ಧ ಮಾತು.

"ಗೊಜ್ಜಲ್ಲಿ ಹಾಕ್ತಿದ್ದಿದ್ದು ಗೊತ್ತಿತ್ತು ಕಣೆ," ಎಂದಳು ಅಕ್ಕ, ನಿಧಾನವಾಗಿ. "ಹಾಗಲಕಾಯಿ ಕಹಿ ಬೇರೆ, ಅದು ಬೇರೆ. ತಿಂದ್ರೆ ಅವರು ಬೈಯೋದು ಕಮ್ಮಿಯಾಗ್ತಿತ್ತು. ಅದಕ್ಕೇ ತಟ್ಟೆ ಬಳ್ಕೊಂಡು ತಿಂತಿದ್ದೆ."

"ನಿಲ್ಸಿದ್ದೂ ಗೊತ್ತಾಯ್ತಾ?"

"ಹೂಂ."

"ಮತ್ತೆ ಕೇಳ್ಬೇಕಿತ್ತಲ್ಲ ಅಕ್ಕಾ!" ಆಗಲೂ ನನಗೆ ಮೊದಲು ಬಂದದ್ದು ಸಿಟ್ಟೇ.

ಅವಳು ನನ್ನ ಕೈ ಹಿಡಿದುಕೊಂಡಳು. "ಹೆಂಗೆ ಕೇಳ್ಲಿ? ನಾನು ಆಂಟಿ ಥರ ಮಾತಾಡಿದ್ರೆ ನೀವಿಬ್ರೂ ಅಷ್ಟು ನಗ್ತಿದ್ರಿ. ಕಿವೀಲಿ ಅವರು ಬೈತಾನೇ ಇದ್ರು, ಒಂದಿನಾನೂ ಸರಿಯಾಗಿ ನಿದ್ದೆ ಮಾಡಿರ್ಲಿಲ್ಲ. ನೀವು ನಗ್ಲಿ ಅಂತ ಮಾಡ್ತಿದ್ದೆ."

ಅಂಗಡಿಯಲ್ಲಿ ತೆಗೆದ ಜಗಳವೂ ನನಗೋಸ್ಕರವೇ ಆಗಿತ್ತೇ ಎಂದು ಆಗ ಕೇಳಲಿಲ್ಲ. ಎಷ್ಟೋ ವರ್ಷಗಳಾದವು, ಇನ್ನೂ ಕೇಳಿಲ್ಲ.