ಅ ಮೇಲೆ ನಾನು, ಳ ಮೇಲೆ ಬಾವ

ಆಗದ ಮಾತು ಅಂದವಳು ನಮ್ಮ ಅತ್ತೆ. ಅಪ್ಪನ ಅಕ್ಕ. ಅವಳ ಮಗನನ್ನೇ ನಾನು ಮದುವೆಯಾಗಿದ್ದರಿಂದ ಎರಡು ಕಡೆಯಿಂದಲೂ ಅತ್ತೆ.

ಮಧುಗಿರಿಯ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಕೂಪನ್ ತೋರಿಸಿ, ಶಿರಾ ಹತ್ತಿರ ಒಂದು ಆಟವಂತೆ, ಗಂಡ ಹೆಂಡತಿಯನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರಂತೆ, ಗಂಟೆಯೊಳಗೆ ಒಗಟು ಬಿಡಿಸಿ ಹೊರಗೆ ಬರಬೇಕಂತೆ ಅಂದೆ.

"ಅದ್ಕೆ ಅಲ್ಲಿಗಂಟ ಯಾಕ್ ಹೋಗ್ಬೇಕು? ರಾಗಿ ಇಡೋ ಕ್ವಾಣೆಗೆ ನಾನೇ ಕೂಡಾಕ್ತೀನಿ ಬುಡು" ಅಂದಳು. ಒಂದು ಬೀಜವನ್ನು ಮೊರಕ್ಕೆ ಹಾಕಿ ನನ್ನ ಮುಖ ನೋಡಿದಳು. "ನೀವಿಬ್ರೂ ಒಂದ್ ಗಂಟೆ ಒಂದೇ ಕ್ವಾಣೇಲಿದ್ದು, ಒಂದ್ ಮಾತ್ಗೆ ಇಬ್ರೂ ಹೂಂ ಅಂದು ಹೊರೀಕ್ ಬಂದ್ರೆ ನನ್ ಕಿವಿ ವಾಲೆ ಬಿಚ್ಕೊಡ್ತೀನಿ ಕಣಮ್ಮ. ಅದು ಆಗೋ ಮಾತಲ್ಲ."

ಅತ್ತೆ ನನ್ನ ವಿಷಯದಲ್ಲಿ ಹೀಗೆ ಅಂದದ್ದು ಅದೇ ಮೊದಲಲ್ಲ. ಕೊರಟಗೆರೆ ಕಡೆಯ ನಮ್ಮೂರಿನಿಂದ ನಾನು ಡಿಗ್ರಿ ಕಾಲೇಜಿಗೆ ಹೊರಟಾಗಲೂ ಅಂದಿದ್ದಳು. "ನಮ್ ವಂಶದಾಗೆ ಗಂಡಸ್ರೇ ಹೆಬ್ಬೆಟ್ಟು, ಇವ್ಳು ಡಿಗ್ರಿ ಮಾಡ್ತಾಳಂತೆ!" ನಾನು ಮಾಡಿದೆ. ಬಸ್ಸಿನ ಬಾಗಿಲಲ್ಲಿ ನಿಂತು ಓದಿದೆ. ಸುಗ್ಗಿಯಲ್ಲಿ ಕಡ್ಲೆಕಾಯಿ ಬಿಡಿಸುವ ಕೂಲಿಗೆ ಹೋಗಿ, ಬೆರಳ ಸಂದಿಯ ಮಣ್ಣು ಹೋಗುವ ಮೊದಲೇ ಪರೀಕ್ಷೆ ಬರೆದೆ. ನಮ್ಮ ವಂಶದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಡಿಗ್ರಿ ಸರ್ಟಿಫಿಕೇಟನ್ನು ತಂದು ಅತ್ತೆಯ ಕೈಗಿಟ್ಟಾಗ, ಓದಲು ಬಾರದ ಅವಳು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡಳು. ತನ್ನ ಮಗನಿಗೆ ನನ್ನನ್ನು ಕೇಳಿದ್ದು ಅದಾದ ಮೇಲೆಯೇ.

ಆ ಮಗನನ್ನು ನಾನು ಚಿಕ್ಕಂದಿನಿಂದ ಬಾವ ಅನ್ನುತ್ತೇನೆ. ಗಂಡನಾದ ಮೇಲೂ ಅದು ಬದಲಾಗಲಿಲ್ಲ, ಏಕವಚನವೂ ಬದಲಾಗಲಿಲ್ಲ. ಬಾವನ ಕೆಲಸ ಪಾವಗಡದ ಆಚೆ, ಬಲಸಮುದ್ರದ ಕಡೆಯ ಸೋಲಾರ್ ಪ್ಲಾಂಟಿನಲ್ಲಿ. ನಾನು ಬಿ.ಎಡ್. ಕೂಡ ಮುಗಿಸಿ ಶಿರಾದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮದುವೆಯಾದಾಗ ನಡುವಿನ ಊರು ಅಂತ ಮಧುಗಿರಿಯಲ್ಲಿ ಅತ್ತೆಯ ಮನೆಯಲ್ಲೇ ಉಳಿದೆವು. ಬಾವನ ಅಣ್ಣ, ಅತ್ತಿಗೆ, ಅವರ ಮಕ್ಕಳು, ಎಲ್ಲರೂ ಇರುವ ತುಂಬಿದ ಮನೆ. ನಡುವೆ ಅಂದರೆ ಇಬ್ಬರಿಗೂ ಹತ್ತಿರ ಅಂದುಕೊಂಡಿದ್ದೆವು. ಇಬ್ಬರಿಗೂ ದೂರ ಅಂತ ಆಮೇಲೆ ತಿಳಿಯಿತು.

ಬೆಳಿಗ್ಗೆ ಒಬ್ಬರು ಬಡಗಣ ಬಸ್ಸು, ಒಬ್ಬರು ಪಡುವಣ ಬಸ್ಸು. ಬಾವನಿಗೆ ಪಾಳಿ ಬದಲಾದ ವಾರ ನಾನು ಹೊರಡುವಾಗ ಅವನು ಒಳಗೆ ಬರುತ್ತಿದ್ದ. ಹೊಸ್ತಿಲಲ್ಲಿ ನಮ್ಮ ಮಾತು ಹೀಗಿರುತ್ತಿತ್ತು.

"ಬಸ್ ಸಿಕ್ತಾ?"

"ಸಿಕ್ತು."

"ಸೀಟು?"

"ಎಲ್ಲಿ ಸೀಟು."

ಬಾವ ಮುದ್ದೆ ಮುರಿಯುವಾಗಲೇ ತೂಕಡಿಸುತ್ತಿದ್ದ. ನಾನು ಟೆಸ್ಟ್ ಪೇಪರಿನ ಮೇಲೆ ತಲೆಯಿಟ್ಟು ನಿದ್ದೆಹೋಗುತ್ತಿದ್ದೆ. ಮಕ್ಕಳಾಗಿಲ್ಲವಲ್ಲ ಅಂತ ಊರಿನವರು ಕೇಳುತ್ತಿದ್ದರು. ಆ ಮಾತೆತ್ತುವುದಕ್ಕಾದರೂ ಇಬ್ಬರೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರಬೇಕಲ್ಲ. ಎಚ್ಚರವಿದ್ದಾಗ ಆಡುತ್ತಿದ್ದದ್ದು ಬರೀ ಸಿಡುಕು. ಅತ್ತೆ ಕಂಡದ್ದು ಅದನ್ನೇ.

ಆ ಬೇಸಿಗೆ ರಜೆಯಲ್ಲಿ ನಾನು ಶಿರಾದಲ್ಲಿ ಒಂದು ಮನೆ ನೋಡಿದ್ದೆ. ಮಹಡಿ ಮೇಲೆ ಎರಡು ಕೋಣೆ, ಸ್ಕೂಲಿಗೆ ನಡೆದು ಹೋಗುವಷ್ಟು ದೂರ. ಶಾಲೆ ಶುರುವಾಗುವುದರೊಳಗೆ ಹೇಳುತ್ತೇನೆ ಅಂತ ಮನೆಯ ಓನರಿಗೆ ಹೇಳಿ ಬಂದಿದ್ದೆ. ಬಾವನಿಗೆ ಹೇಳಿರಲಿಲ್ಲ. ಒಬ್ಬಳೇ ಹೋಗುವುದು ಅಂತಿತ್ತು. ಜಗಳವಾಡಿಕೊಂಡು ಹೋಗುವುದಲ್ಲ. ಜಗಳಕ್ಕೂ ಶಕ್ತಿ ಬೇಕು. ಆದರೆ ನಮ್ಮ ಕಡೆ ಹೆಂಡತಿ ಬೇರೆ ಮನೆ ಹಿಡಿದರೆ ಅದಕ್ಕೆ ಒಂದೇ ಅರ್ಥ. ಒಂದು ಸಲ ಹಾಸಿಗೆ ಸುತ್ತಿಕೊಂಡು ಹೋದರೆ, ಬಿಚ್ಚಲು ಮತ್ತೆ ಇದೇ ಮನೆಗೆ ಬರುವುದು ಕಷ್ಟ. ಅದು ಗೊತ್ತಿದ್ದೇ ಹೋಗಲು ತಯಾರಿದ್ದೆ, ಅಷ್ಟು ದಣಿದಿದ್ದೆ.

ಆಗ ನನ್ನ ಸಹೋದ್ಯೋಗಿಯೊಬ್ಬರಿಗೆ ಲಕ್ಕಿ ಡ್ರಾದಲ್ಲಿ ಈ ಆಟದ ಕೂಪನ್ ಬಂತು. ಅವರ ಯಜಮಾನರು ಒಲ್ಲೆ ಅಂದರಂತೆ, ನನಗೆ ಕೊಟ್ಟರು. ಆಟ ಮುಗಿಸಿ ಬರುವಾಗ ಮನೆಯ ವಿಷಯ ಹೇಳಿಬಿಡುವುದು ಅಂತ ನಿರ್ಧಾರ ಮಾಡಿಕೊಂಡೆ.

ಭಾನುವಾರ ಬೈಕಿನಲ್ಲಿ ಹೊರಟೆವು. ಬಾವ ರಾತ್ರಿಪಾಳಿ ಮುಗಿಸಿ ಬಂದು ಒಂದು ಕೋಳಿನಿದ್ದೆ ಮಾಡಿದ್ದ. ದಾರಿಯುದ್ದಕ್ಕೂ ನಾನು ಅವನ ಬೆನ್ನಿಗೆ ಗುದ್ದುತ್ತಾ ಮಾತಾಡಿಸುತ್ತಿದ್ದೆ.

"ಬಾವ, ನಿದ್ದೆ ಮಾಡ್ತಿದ್ದೀಯಾ?"

"ಇಲ್ಲ ಕಣೆ, ಕಣ್ಣಿಗೆ ಧೂಳು."

"ಹೆಲ್ಮೆಟ್ಟಿನ ಗಾಜು ಮುಚ್ಚೈತೆ. ಅದೆಂಗ್ ಬಂತು ಧೂಳು?"

"ಟೀಚರಮ್ಮ, ಪ್ರಶ್ನೆ ಕೇಳೋದು ಸೋಮವಾರ ಇಟ್ಕ."

ಶಿರಾ ದಾಟಿದ ಮೇಲೆ ಹೆದ್ದಾರಿ ಪಕ್ಕದ ಹೋಟೆಲು, ಅದರ ಮಹಡಿಯಲ್ಲಿ ಆಟ. ನೋಡಿಕೊಳ್ಳುತ್ತಿದ್ದವರು ಶಿರಾದ ಒಬ್ಬ ಹೆಂಗಸು, ನಡುವಯಸ್ಸಿನವರು, ತಲೆತುಂಬ ದುಪಟ್ಟಾ. "ಬನ್ನಿ ಅಕ್ಕಾ, ಬನ್ನಿ ಭಾಯ್. ಹೆದ್ರಬೇಡಿ, ನಾನು ಕ್ಯಾಮೆರಾದಾಗೆ ನೋಡ್ತಾ ಇರ್ತೀನಿ, ಸ್ಪೀಕರ್‌ನಾಗೆ ಮಾತಾಡ್ತೀನಿ" ಅಂತ ನಮ್ಮ ಫೋನುಗಳನ್ನು ತೆಗೆದಿಟ್ಟುಕೊಂಡರು.

ಆ ಕೋಣೆಗೆ ಹಳೇ ಸ್ಕೂಲು ಅಂತ ಹೆಸರು. ಕರಿಹಲಗೆ, ಗೋಡೆಗೆ ತಾಗಿಸಿಟ್ಟ ಬೆಂಚು ಡೆಸ್ಕು, ಮೇಷ್ಟ್ರ ಮೇಜು, ಸುತ್ತಿಟ್ಟು ಸರಪಳಿ ಹಾಕಿದ ನಕಾಶೆ, ಹಲಗೆಯ ಮೇಲೆ ಸರಸ್ವತಿ ಪಟ. ಗೋಡೆಯ ಅಂಚು ಬಿಟ್ಟು ನೆಲದ ತುಂಬ ದೊಡ್ಡ ದೊಡ್ಡ ಚೌಕ, ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ. ಬಾಗಿಲ ಮೂಲೆಯಲ್ಲಿ ಅ, ಎದುರು ಗೋಡೆಯ ಮೂಲೆಯಲ್ಲಿ ಳ. ಯಾರೂ ಹೇಳದೆಯೇ ಇಬ್ಬರೂ ಚಪ್ಪಲಿ ಹೊರಗೆ ಬಿಟ್ಟೆವು.

"ರಜದಾಗೂ ಸ್ಕೂಲಾ ನಿಂಗೆ!" ಬಾವ ನಕ್ಕ. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಹಲಗೆಯ ಮೇಲೊಂದು ಲೆಕ್ಕವಿತ್ತು. ಬಿಡಿಸಿದೆ. ಉತ್ತರವೇ ಮೇಜಿನ ಬೀಗದ ನಂಬರು. ಬಾವ ತಿರುಗಿಸಿದ, ಬೀಗ ತೆರೆಯಲಿಲ್ಲ.

"ಉಲ್ಟಾ ತಿರುಗಿಸ್ತಿದ್ದೀಯ."

"ಪ್ಲಾಂಟಿನಾಗೆ ದಿನಾ ಬೀಗ ತೆಗೆಯೋನು ನಾನು, ಬೀಗ ಗೊತ್ತಿಲ್ವಾ ನಂಗೆ?"

"ಗೊತ್ತಿದ್ರೆ ತೆಗಿ ಮತ್ತೆ."

"ನೀನು ಬಾಯ್ ಮುಚ್ಚಿದ್ರೆ ತೆಗಿತೀನಿ."

ಬಾಯಿ ಮುಚ್ಚಿದೆ. ಬೀಗ ತೆರೆಯಿತು, ಒಳಗೆ ನಕಾಶೆಯ ಸರಪಳಿಯ ಕೀಲಿಕೈ ಸಿಕ್ಕಿತು. ಆದರೆ ನನಗೆ ಸಿಟ್ಟು ಬಂದು ಒಂದು ಬೆಂಚಿನ ಮೇಲೆ ಕೂತೆ. ಅವನು ಕೀಲಿಕೈ ಹಿಡಿದುಕೊಂಡೇ ಇನ್ನೊಂದು ಬೆಂಚಿನ ಮೇಲೆ ಕೂತ. ಹೊರಗೆ ಬೇಸಿಗೆಯ ಉರಿ, ಒಳಗೆ ಏಸಿ ತಣ್ಣಗೆ ಬೀಸುತ್ತಿತ್ತು. ಬಸ್ಸಿಲ್ಲ, ಫೋನಿಲ್ಲ, ಕರೆಯುವವರಿಲ್ಲ. ಬಾವನ ತಲೆ ಡೆಸ್ಕಿಗೆ ಬಾಗಿದ್ದು ಕಂಡಿತು. ಎಬ್ಬಿಸಲು ಮನಸ್ಸಾಗಲಿಲ್ಲ. ನಾನೂ ಒಂದು ಕ್ಷಣ ಅಂತ ತಲೆಯಿಟ್ಟೆ.

"ಅರೇ ಅಕ್ಕಾ! ಭಾಯ್! ಮಲಗೋಕೆ ಬಂದಿದೀರಾ?" ಸ್ಪೀಕರ್ ಕೂಗಿತು. "ಅರ್ಧ ಟೈಮು ಖತಂ! ನಾನೂ ಪಾಪ ಅಂತ ಸುಮ್ನಿದ್ದೆ."

ಗಾಬರಿಯಾಗಿ ಎದ್ದೆವು. ನಕಾಶೆ ಬಿಚ್ಚಿದರೆ ಅದರಲ್ಲಿ ದೇಶವಿರಲಿಲ್ಲ. ಎರಡು ಜೊತೆ ಪಾದದ ಚಿತ್ರ. ಒಂದು ಜೊತೆಯಲ್ಲಿ ಅ, ಇನ್ನೊಂದರಲ್ಲಿ ಳ, ಕೆಳಗೆ 'ಇಬ್ಬರೂ ಒಟ್ಟಿಗೆ' ಅಂತ ಬರೆದಿತ್ತು. ನಾನು ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗಿ ಅ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈ ಒತ್ತಿದೆ. ಆ ಕೊನೆಯಲ್ಲಿ ಬಾವನೂ ಹಾಗೇ ಕೂತು ಳ ಮೇಲೆ ಅಂಗೈ ಒತ್ತಿದ. ಏನೂ ಆಗಲಿಲ್ಲ.

"ಜೋರಾಗಿ ಒತ್ತು ಬಾವ."

"ಒತ್ತಿದ್ದೀನಿ ಕಣೆ. ಇನ್ನೇನು, ನೆಲ ತೂತು ಮಾಡ್ಲಾ?"

ಸ್ಪೀಕರಿನಲ್ಲಿ ನಗು. "ಕೈ ಅಲ್ಲ ಅಕ್ಕಾ, ಕಾಲು! ಮೇಲೆ ನಿಂತ್ಕೊಳ್ಳಿ! ಆವಾಗಿಂದ ನೋಡ್ತಾ ಇದೀನಿ, ಇಬ್ರೂ ಯಾಕೆ ಹಲ್ಲಿ ಥರ ಗೋಡೆಗೇ ಅಂಟ್ಕೊಂಡು ಓಡಾಡ್ತೀರಿ? ನಡುವೆ ಜಾಗ ಪೂರಾ ಖಾಲಿ ಐತಲ್ಲ!"

ಆಗಲೇ ನನಗೆ ಗೊತ್ತಾದದ್ದು. ಒಳಗೆ ಬಂದಾಗಿನಿಂದ ನಾನು ಒಂದು ಅಕ್ಷರವನ್ನೂ ತುಳಿದಿರಲಿಲ್ಲ. ಬಾವನೂ ತುಳಿದಿರಲಿಲ್ಲ. ಚಿತ್ರದಲ್ಲಿ ಕಾಲು ಬರೆದಿದ್ದರೂ ನಮ್ಮಿಬ್ಬರ ಕಣ್ಣಿಗೂ ಅದು ಕೈಯಾಗಿ ಕಂಡಿತ್ತು.

"ಅಜ್ಜಿ" ಅಂದ ಬಾವ, ಅಲ್ಲಿಂದಲೇ.

ನಮ್ಮಿಬ್ಬರಿಗೂ ಒಬ್ಬಳೇ ಅಜ್ಜಿ. ನನಗೆ ಅಪ್ಪನ ತಾಯಿ, ಅವನಿಗೆ ಅಮ್ಮನ ತಾಯಿ. ರಜೆಗೆ ಅವನು ನಮ್ಮೂರಿಗೆ ಬರುತ್ತಿದ್ದ. ಕಡ್ಲೆಪುರಿ ಕಟ್ಟಿಕೊಟ್ಟ ಪೇಪರು ಅಂಗಳದಲ್ಲಿ ಬಿದ್ದಿದ್ದರೂ ಅಜ್ಜಿ ಎತ್ತಿ ಕಣ್ಣಿಗೊತ್ತಿ ಸೂರಿಗೆ ಸಿಗಿಸುತ್ತಿದ್ದಳು. ಮರೆತು ತುಳಿದರೆ ತೊಡೆ ಚಿವುಟುತ್ತಿದ್ದಳು. "ಅಕ್ಸರ ತುಳುದ್ರೆ ಅದು ನಿಮ್ ತಲೇಲಿ ನಿಲ್ಲಕಿಲ್ಲ ಕಣ್ರಲಾ." ಅವಳ ತಲೆಯಲ್ಲಿ ಒಂದಕ್ಷರವೂ ನಿಂತಿರಲಿಲ್ಲ, ನಿಲ್ಲಿಸಲು ಯಾರೂ ಬಿಟ್ಟಿರಲಿಲ್ಲ. ನನ್ನ ತಲೆಯಲ್ಲಿ ನಿಂತದ್ದೆಲ್ಲ ಆ ಚಿವುಟುವಿಕೆಯಿಂದ ಅಂತ ಈಗಲೂ ನನಗೆ ಅನ್ನಿಸುವುದುಂಟು.

"ಏನ್ಮಾಡಾನ?" ಅಂದೆ.

"ಕ್ಷಮಿಸು ತಾಯಿ ಅಂತ ಹೇಳಿ ನಿಂತ್ಕಳಾನ."

ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವನೂ ಒತ್ತಿಕೊಂಡ. ನಾನು ಅ ಮೇಲೆ ಕಾಲಿಟ್ಟೆ, ಬಾವ ಳ ಮೇಲೆ. ಬಾಗಿಲ ಮೇಲೆ ಸಾಲಾಗಿದ್ದ ದೀಪಗಳಲ್ಲಿ ಮೊದಲನೆಯದು ಹೊತ್ತಿಕೊಂಡಿತು.

"ಶಾಬಾಶ್! ಎಲ್ಲಾ ಲೈಟು ಹತ್ತೋವರೆಗೂ ಇಬ್ರೂ ಅಲ್ಲಾಡಬಾರದು. ಒಬ್ರು ಕಾಲೆತ್ತಿದ್ರೂ ಮತ್ತೆ ಮೊದಲಿಂದ."

ದೀಪಗಳು ಬಲು ನಿಧಾನ. ಒಬ್ಬರು ಈ ತುದಿ, ಒಬ್ಬರು ಆ ತುದಿ. ಅಲ್ಲಾಡುವಂತಿಲ್ಲ, ಎದ್ದು ಹೋಗುವಂತಿಲ್ಲ, ನಿದ್ದೆಯೂ ಆಗಿತ್ತು.

"ಶಿರಾದಾಗೆ ಮನೆ ನೋಡಿದ್ದೀಯಂತೆ" ಅಂದ ಬಾವ.

ನನ್ನ ಕಾಲು ಅಲುಗಿತು. ದೀಪ ಆರಿತು. ಮತ್ತೆ ಗಟ್ಟಿಯಾಗಿ ನಿಂತೆ, ಮತ್ತೆ ಹೊತ್ತಿತು.

"ಯಾರ್ ಹೇಳಿದ್ರು?"

"ನಮ್ ಪ್ಲಾಂಟಿನ ಡ್ರೈವರು ಆ ಬೀದಿಯೋನೇ. ಒಬ್ಳಿಗೇನಾ?"

ಸುಳ್ಳು ಹೇಳಬಹುದಿತ್ತು. "ಹೂಂ, ಒಬ್ಳಿಗೇ" ಅಂದೆ. "ನಂಗೆ ಸಾಕಾಗೈತೆ ಬಾವ. ನಿನ್ ಮೇಲೆ ಕೋಪ ಇಲ್ಲ. ಬಸ್ ಮೇಲೆ ಕೋಪ, ಅದನ್ನ ನಿನ್ ಮೇಲೆ ತೀರಿಸ್ಕತಿದ್ದೀನಿ."

ಅವನು ದೀಪ ನೋಡುತ್ತಾ ನಿಂತಿದ್ದ. ಮೂರನೆಯದು ಹೊತ್ತಿತು.

"ನಂಗೂ ಸಾಕಾಗೈತೆ. ನಾನೂ ಬತ್ತೀನಿ ಆ ಮನೇಗೆ."

"ಅಲ್ಲಿಂದ ನಿಂಗೆ ಬಲಸಮುದ್ರ ಇನ್ನೂ ದೂರ."

"ದಿನಾ ಓಡಾಡಕಿಲ್ಲ. ಪಾಳಿ ದಿನ ಅಲ್ಲೇ ಪ್ಲಾಂಟಿನ ಹುಡುಗ್ರ ಜೊತೆ ಮಲಿಕ್ಕತೀನಿ. ಪಾಳಿ ಮುಗಿದು ರಜ ಸಿಕ್ದಾಗ ಬತ್ತೀನಿ. ದಿನಾ ಬಂದು ನಿದ್ದೆ ಮಾಡಕಿಂತ, ಬಂದ್ ದಿನ ಎಚ್ಚರವಾಗಿರದು ವಾಸಿ ಅಲ್ವಾ?"

"ಅತ್ತೆ ಏನಂತಾಳೆ?"

"ಅಂತಾಳೆ. ನೀನು ಡಿಗ್ರಿ ಮಾಡ್ದಾಗ ಅನ್ಲಿಲ್ವಾ? ಹೂಂ ಅನ್ನು, ಕಾಲ್ ನೋಯ್ತೈತೆ."

"ಹೂಂ" ಅಂದೆ.

ಕೊನೆಯ ದೀಪ ಇನ್ನೂ ಹೊತ್ತಿರಲಿಲ್ಲ. ಮಾತು ಮುಗಿದ ಮೇಲೂ ಇಬ್ಬರೂ ಅಕ್ಷರದ ಮೇಲೆ ನಿಂತು ಕಾದೆವು. ಆಮೇಲೆ ಬಾಗಿಲು ತೆರೆಯಿತು.

ಹೊರಗೆ ಆ ಹೆಂಗಸು ಚಪ್ಪಾಳೆ ತಟ್ಟಿದರು. ನಾವು ಆಡಿದ್ದೆಲ್ಲ ಅವರಿಗೆ ಕೇಳಿಸಿರಬೇಕು. "ಈ ಕೋಣೇಲಿ ನಿದ್ದೆ ಮಾಡಿಯೂ ಗೆದ್ದೋರು ನೀವೇ ಫಸ್ಟು" ಅಂತ ಇಬ್ಬರ ಹೆಸರನ್ನೂ ಹಾಕಿ ಒಂದು ಸರ್ಟಿಫಿಕೇಟ್ ಮುದ್ರಿಸಿ ಕೊಟ್ಟರು. ಬರುವ ದಾರಿಯಲ್ಲಿ ಶಿರಾದ ಮನೆ ನೋಡಿದೆವು. ಬಾವ ಮೆಟ್ಟಿಲ ಮೇಲೆ ನಿಂತು ಆಕಳಿಸಿ, "ಕಿಟಕಿ ಚೆನ್ನಾಗೈತೆ" ಅಂದ. ಅಷ್ಟೇ. ಉಳಿದ ದಾರಿಯೆಲ್ಲ ನಾನು ಬೆನ್ನಿಗೆ ಗುದ್ದುತ್ತಲೇ ಬಂದೆ.

ಮನೆಗೆ ಬಂದಾಗ ಅತ್ತೆ ಬೀಜದ ಮೊರ ಎತ್ತಿಡುತ್ತಿದ್ದಳು. ಸರ್ಟಿಫಿಕೇಟನ್ನು ಅವಳ ಕೈಗಿಟ್ಟೆ. ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡಳು. ಆಮೇಲೆ ದೂರ ಹಿಡಿದು ನೋಡಿದಳು.

"ಇಬ್ರ ಹೆಸ್ರೂ ಒಂದೇ ಕಾಗದದಾಗೆ ಐತಾ?"

"ಐತೆ ಅತ್ತೆ. ಪಕ್ಕಪಕ್ಕದಾಗೇ."

"ಜಗಳ ಆಡ್ಲಿಲ್ವಾ?"

"ಮೊದ್ಲು ಆಡಿದ್ವಿ. ಆಮೇಲೆ ಮಲಿಕ್ಕಂಡ್ವಿ" ಅಂದ ಬಾವ. "ಎದ್ದು ಒಂದ್ ಮಾತ್ಗೆ ಇಬ್ರೂ ಹೂಂ ಅಂದ್ವಿ. ಶಿರಾದಾಗೆ ಮನೆ ಮಾಡ್ತೀವಿ ಕಣವ್ವ, ಇಬ್ರೂವೆ."

ಅತ್ತೆಯ ಒಂದು ಕೈಯಲ್ಲಿ ಕಾಗದ ಹಾಗೇ ಇತ್ತು. ಇನ್ನೊಂದು ಕೈ ಬಲಗಿವಿಗೆ ಹೋಗಿ ತಿರುಪು ಬಿಚ್ಚತೊಡಗಿತು. ವಾಲೆಯನ್ನು ನನ್ನ ಅಂಗೈಗೆ ಹಾಕಿ ಬೆರಳು ಮಡಿಸಿದಳು.

"ಒಂದ್ ತಗ. ಇನ್ನೊಂದು, ಆ ಮನೇಲಿ ಇಬ್ರೂ ಒಂದ್ ವರ್ಸ ಇದ್ ತೋರ್ಸಿದ್ಮ್ಯಾಕೆ."